ಶ್ರೀಧರನ ಚಾಕುವಿನಲ್ಲಿದ್ದ ಸುರುಳಿ

ಆ ದಿನ ಚಾಕುವನ್ನು ನಾನು ಶ್ರೀಧರನ ಕೈಗೇ ಕೊಟ್ಟೆನೋ, ಚಾಪೆಯ ಮೇಲೆ ಇಟ್ಟೆನೋ ಎಂಬುದು ಇವತ್ತಿಗೂ ನನಗೆ ಖಚಿತವಿಲ್ಲ. ಚಾಪೆಯ ಮೇಲಿಟ್ಟೆ ಎಂದು ನನ್ನ ನೆನಪು ಹೇಳುತ್ತದೆ. ಕೈಗೇ ಕೊಟ್ಟೆ ಎಂದು ಅಮ್ಮ ಹೇಳುತ್ತಾಳೆ. ನಾನು ಕೊಡಲು ಹೋದೆ, ಅವನು ಹೆದರಿ ಕೈ ಹಿಂದಕ್ಕೆ ಎಳೆದುಕೊಂಡ, ಚಾಕು ಚಕ್ಕೋತದ ಸಿಪ್ಪೆಯ ಮೇಲೆ ಬಿತ್ತು ಎಂದು ತಂಗಿ ಸರೋಜ ಹೇಳುತ್ತಾಳೆ. ಮೂವರೂ ಕಣ್ಣಾರೆ ಕಂಡವರು, ಮೂವರಿಗೂ ಸುಳ್ಳು ಹೇಳುವ ಚಟವಿಲ್ಲ. ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ, ಸಾಗರದ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡ ನನಗೆ ಕಂಡದ್ದನ್ನೆಲ್ಲ ಸಂಶಯಿಸುವುದು ಉದ್ಯೋಗವೂ ಹೌದು, ಹವ್ಯಾಸವೂ ಹೌದು. ಮೊದಮೊದಲು ದೇವರನ್ನು ಸಂಶಯಿಸಿದೆ, ಆಮೇಲೆ ಪಂಚಾಂಗವನ್ನು, ಆಮೇಲೆ ಹಾಲಿನವನನ್ನು. ಈಗ ಸಂಶಯಿಸಲು ಹೊರಗೆ ಏನೂ ಉಳಿಯದೆ ನನ್ನ ತಲೆಯೊಳಗಿನ ನೆನಪನ್ನೇ ಹಿಡಿದು ವಿಚಾರಣೆ ನಡೆಸುತ್ತಿದ್ದೇನೆ. ಆದ್ದರಿಂದ ಮುಂದೆ ಹೇಳುವುದನ್ನು ಓದುಗರು ಸ್ವಲ್ಪ ಉಪ್ಪು ಕಡಿಮೆಯಿರುವ ಸಾರಿನಂತೆ, ಸರಿಯಿರಬಹುದು ಎಂದುಕೊಂಡು ಉಣ್ಣಬೇಕು.

ಶರಾವತಿಗೆ ದೊಡ್ಡ ಅಣೆಕಟ್ಟು ಏಳುತ್ತಿದ್ದ ವರ್ಷಗಳವು. ಆಗ ನಮ್ಮ ಕಡೆ ಗಂಡಸಿನ ಕಿಸೆಯಲ್ಲಿ ಚಾಕು ಇಲ್ಲವೆಂದರೆ ಅವನು ಪರಸ್ಥಳದವನು ಎಂದೇ ಅರ್ಥ. ಎಲೆಯಡಿಕೆ ಹಾಕುವವನಿಗೆ ಎಲೆಯ ತೊಟ್ಟು ಕತ್ತರಿಸಬೇಕು, ಮೇಷ್ಟ್ರಿಗೆ ಪೆನ್ಸಿಲ್ ಕೆತ್ತಬೇಕು, ಬಸ್ಸಿನ ಕ್ಲೀನರಿಗೆ ಟಾಪಿನ ಮೇಲಿನ ಮೂಟೆಯ ಹಗ್ಗ ಕೊಯ್ಯಬೇಕು, ವಕೀಲರಿಗೆ ಲಕೋಟೆ ಒಡೆಯಬೇಕು. ಏನೂ ಕೆಲಸವಿಲ್ಲದವನು ಕಟ್ಟೆಯ ಮೇಲೆ ಕೂತು ಬಿದಿರಿನ ಕಡ್ಡಿಯೊಂದನ್ನು ಸುಮ್ಮನೆ ಹೆರೆಯುತ್ತಿದ್ದ. ನೋಡಿದವರಿಗೆ ಅವನೇ ಎಲ್ಲರಿಗಿಂತ ದೊಡ್ಡ ಕೆಲಸಗಾರನಂತೆ ಕಾಣುತ್ತಿದ್ದ. ನನ್ನ ಹತ್ತಿರವೂ ಒಂದು ಚಾಕುವಿತ್ತು. ಅದರ ಹಿಡಿಯ ಮೇಲೆ ನಮ್ಮೂರಿನ ಗುಡಿಗಾರರೊಬ್ಬರು ಗಂಧದ ಮರದಲ್ಲಿ ನವಿಲು ಕೆತ್ತಿದ್ದರು. ನವಿಲು ಎಷ್ಟು ಚೆನ್ನಾಗಿತ್ತೆಂದರೆ ಅಲಗು ಹೇಗಿದೆ ಎಂದು ನೋಡುವ ಯೋಚನೆಯೇ ಕೊಳ್ಳುವಾಗ ನನಗೆ ಬರಲಿಲ್ಲ. ಅದನ್ನು ಬಿಡಿಸಲು ಹೋದರೆ ಉಗುರು ಮುರಿಯುತ್ತಿತ್ತು, ಬಿಡಿಸಿದ ಮೇಲೆ ಬಾಳೆಹಣ್ಣು ಬಿಟ್ಟು ಬೇರೇನನ್ನೂ ಕೊಯ್ಯುತ್ತಿರಲಿಲ್ಲ. ಪೆನ್ಸಿಲ್ ಕೆತ್ತಲು ನಾನು ಪಕ್ಕದ ಗಣಿತದ ಮೇಷ್ಟ್ರ ಚಾಕುವನ್ನೇ ಕೇಳುತ್ತಿದ್ದೆ.

ಕೇಳುತ್ತಿದ್ದೆ ಎಂದರೆ, ಅದಕ್ಕೂ ಒಂದು ಕ್ರಮವಿತ್ತು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳವಾಗುತ್ತದೆ ಎಂದು ನಮ್ಮ ಕಡೆಯವರ ನಂಬಿಕೆ. ಕೊಡುವವನು ನೆಲದ ಮೇಲೋ ಮೇಜಿನ ಮೇಲೋ ಇಡಬೇಕು, ಬೇಕಾದವನು ಅಲ್ಲಿಂದ ಎತ್ತಿಕೊಳ್ಳಬೇಕು. ತರ್ಕಶಾಸ್ತ್ರ ಓದಿದವನು ಇದನ್ನು ಸುಮ್ಮನೆ ಬಿಡುವುದು ಹೇಗೆ? ಪ್ರಯೋಗ ಮಾಡಿ ನೋಡೋಣವೆಂದು ಕೆಲವು ಕಾಲ ಸಿಕ್ಕಿದವರಿಗೆಲ್ಲ ಚಾಕುವನ್ನು ಕೈಗೇ ಕೊಡತೊಡಗಿದೆ. ಫಲಿತಾಂಶ ನನ್ನ ಮುಖಕ್ಕೇ ಹೊಡೆದಂತಿತ್ತು: ಪ್ರತಿಸಲವೂ ಜಗಳವಾಯಿತು. "ಕೈಗೆ ಯಾಕ್ರೀ ಕೊಟ್ರಿ? ನಿಮಗೂ ನಂಗೂ ಎಂಥ ದ್ವೇಷ ಮಾರಾಯ್ರೇ?" ಎಂದು ಗಣಿತದ ಮೇಷ್ಟ್ರು ಒಂದು ವಾರ ಮಾತು ಬಿಟ್ಟರು. ಕೈಗೆ ಕೊಟ್ಟದ್ದರಿಂದ ಜಗಳವಾಯಿತೋ, ಕೈಗೆ ಕೊಟ್ಟನಲ್ಲ ಎಂಬ ಸಿಟ್ಟಿನಿಂದ ಜಗಳವಾಯಿತೋ ಎಂಬ ಸೂಕ್ಷ್ಮವನ್ನು ಅವರಿಗೆ ವಿವರಿಸಲು ಹೋಗಿ ಇನ್ನೊಂದು ಜಗಳವಾಯಿತು. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದೆ. ನಿಲ್ಲಿಸಿದೆ ಎಂದು ನನ್ನ ನೆನಪು.

ಹೀಗಿರುವಾಗ ಸರೋಜಳಿಗೆ ಶ್ರೀಧರನ ಸಂಬಂಧ ಬಂತು. ತೀರ್ಥಹಳ್ಳಿಯ ಕಡೆಯ ಹುಡುಗ, ಸರ್ವೆ ಕೆಲಸದಲ್ಲಿದ್ದ. ಅಣೆಕಟ್ಟಿನ ನೀರು ಎಲ್ಲೆಲ್ಲಿಗೆ ಬಂದು ನಿಲ್ಲುತ್ತದೆ ಎಂದು ಹೊಸನಗರದ ಸುತ್ತ ಟೆಂಟು ಹಾಕಿಕೊಂಡು ಅಳೆಯುತ್ತಿದ್ದ. ಸರೋಜಳದು ಒಂದೇ ಷರತ್ತು: ಕುಡಿಯುವವನು ಬೇಡ. ಇದು ಅವಳು ಯಾರಿಂದಲೋ ಕೇಳಿ ಕಲಿತ ಮಾತಲ್ಲ. ಓದುವುದಕ್ಕೆಂದು ಅವಳು ನಾಲ್ಕಾರು ವರ್ಷ ನಮ್ಮ ಚಿಕ್ಕಪ್ಪನ ಮನೆಯಲ್ಲಿದ್ದಳು. ಚಿಕ್ಕಪ್ಪ ಮನೆಗೆ ಬರುತ್ತಿದ್ದುದು ಯಾರದೋ ಹೆಗಲ ಮೇಲೆ. ಬಾಗಿಲು ತೆಗೆಯುವ ಧೈರ್ಯ ಚಿಕ್ಕಮ್ಮನಿಗೆ ಇಲ್ಲದೆ ಸರೋಜಳೇ ತೆಗೆಯುತ್ತಿದ್ದಳು. ಆಮೇಲೆ ಅವಳು ಈ ವಿಷಯ ಎತ್ತಿದವಳಲ್ಲ. ಆದರೆ ಬಂದ ಎರಡು ಸಂಬಂಧಗಳನ್ನು, ಹುಡುಗ "ಹಬ್ಬಕ್ಕೆ ಅಪರೂಪಕ್ಕೆ" ತೆಗೆದುಕೊಳ್ಳುತ್ತಾನಂತೆ ಎಂದು ತಿಳಿದೊಡನೆ ಕಾಫಿ ಲೋಟ ತೊಳೆದಿಟ್ಟಷ್ಟೇ ಸಲೀಸಾಗಿ ಬೇಡವೆಂದಿದ್ದಳು. ಹುಡುಗನನ್ನು ಅಳೆದು ನೋಡುವ ಜವಾಬ್ದಾರಿ, ಅಪ್ಪ ಇಲ್ಲದ ಮನೆಯಲ್ಲಿ, ನನ್ನದು.

ಶ್ರೀಧರ ತನ್ನ ಸೋದರಮಾವ ರಂಗಪ್ಪನವರ ಜೊತೆಗೆ ಹೆಣ್ಣು ನೋಡಲು ಬಂದ. ಬಿಸಿಲಿಗೆ ಕಪ್ಪಾದ ಮುಖ, ಕಡಿಮೆ ಮಾತು. ಕಡಿಮೆ ಮಾತಿನವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಬಾಯಿಬಡುಕರಾದರೆ ಬಚ್ಚಿಟ್ಟದ್ದು ಯಾವಾಗಲಾದರೂ ಹೊರಗೆ ಬೀಳುತ್ತದೆ. ಉಪ್ಪಿಟ್ಟು ಆಯಿತು, ಕಾಫಿ ಆಯಿತು. ಅಮ್ಮ ಒಂದು ಚಕ್ಕೋತ ತಂದು ಜಗಲಿಯ ಚಾಪೆಯ ಮೇಲಿಟ್ಟು ಕತ್ತಿ ತರಲು ಒಳಗೆ ಹೊರಟಳು. "ಬೇಡಮ್ಮ, ನನ್ನ ಹತ್ರ ಇದೆ" ಎಂದು ಶ್ರೀಧರ ಕಿಸೆಗೆ ಕೈ ಹಾಕಿ, ಕೆಂಪು ಹಿಡಿಯ, ಗಿಡ್ಡ, ದಪ್ಪ ಚಾಕು ಒಂದನ್ನು ತೆಗೆದ. ಅಂಥದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅದರ ಹೊಟ್ಟೆಯೊಳಗೆ ದೊಡ್ಡ ಅಲಗು, ಸಣ್ಣ ಅಲಗು, ಗರಗಸ, ಡಬ್ಬಿ ಕೊಯ್ಯುವ ಕೊಕ್ಕೆ, ದಬ್ಬಳದಂಥ ಒಂದು ಮೊಳೆ, ಎಲ್ಲ ಒಂದರ ಪಕ್ಕ ಒಂದು ಮಡಚಿಕೊಂಡು ಮಲಗಿದ್ದವು.

"ಇದೆಂಥದು ಮಾರಾಯಾ! ಬಡಗಿ, ಕಮ್ಮಾರ, ಕ್ಷೌರಿಕ ಎಲ್ಲರನ್ನೂ ಕಿಸೆಯಲ್ಲೇ ಇಟ್ಕೊಂಡು ಓಡಾಡ್ತೀಯಲ್ಲ!" ಎಂದಳು ಅಮ್ಮ. ಅವಳ ಧ್ವನಿಯಲ್ಲಿಯೇ ಅರ್ಧ ಒಪ್ಪಿಗೆಯಿತ್ತು.

"ಅಣೆಕಟ್ಟಿನ ಕೆಲಸದ ಎಂಜಿನಿಯರೊಬ್ರು ವರ್ಗ ಆಗಿ ಹೋಗುವಾಗ ಕೊಟ್ಟು ಹೋದ್ರಮ್ಮ" ಎಂದ ಅವನು.

ಅವನು ಚಕ್ಕೋತವನ್ನು ಬಹಳ ಚೆನ್ನಾಗಿ ಸುಲಿದ. ನಾನು ಚಾಕು ನೋಡಬೇಕೆಂದೆ. ಅದನ್ನು ಒರೆಸಿ ಚಾಪೆಯ ಮೇಲಿಟ್ಟ, ಎತ್ತಿಕೊಂಡೆ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಒಂದೊಂದೇ ಉಪಕರಣವನ್ನು ಬಿಡಿಸುತ್ತ ಹೋದೆ. ಗರಗಸ ಅರ್ಧಕ್ಕೇ ನಿಂತಿತು. ಡಬ್ಬಿ ಕೊಯ್ಯುವ ಕೊಕ್ಕೆಗೆ ತುಕ್ಕು ಹಿಡಿದಿತ್ತು. ಹಿಂಬದಿಯಲ್ಲಿ ತಿರುಪು ತಿರುಪಾದ ಒಂದು ಉಕ್ಕಿನ ಸುರುಳಿಯಿತ್ತು, ಹಂದಿಯ ಬಾಲದ ಹಾಗೆ. ಅದು ಮಾತ್ರ ಬೆರಳು ತಾಗಿದೊಡನೆ ನುಣ್ಣಗೆ ತೆರೆದುಕೊಂಡಿತು. ತೆರೆದುಕೊಂಡದ್ದಷ್ಟೇ ಅಲ್ಲ, ದಿನವೂ ಉಜ್ಜಿದ ದೀಪದ ಕಂಬದ ಹಾಗೆ ಹೊಳೆಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಬಳಕೆಯಾದದ್ದು ಅದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದು ಏತಕ್ಕೆ ಎಂಬುದು ನನಗೆ ಗೊತ್ತಿತ್ತು. ಬಿಗಿಯಾಗಿ ಬಿರಡೆ ಹಾಕಿದ ವೈನಿನ ಬಾಟಲಿಯ ಬಾಯಿ ತೆರೆಯುವುದಕ್ಕೆ.

"ಆ ಸುರುಳಿ ಎಂಥಕ್ಕಪ್ಪಾ?" ಎಂದು ಅಮ್ಮ ಕೇಳಿಯೇಬಿಟ್ಟಳು.

ಶ್ರೀಧರ ಬಾಯಿ ತೆರೆದ. ರಂಗಪ್ಪನವರು ಜೋರಾಗಿ ಕೆಮ್ಮಿದರು. ಶ್ರೀಧರ ಬಾಯಿ ಮುಚ್ಚಿದ. ಕಪ್ಪು ಮುಖ ಕೆಂಪಾಯಿತು. "ಅದು... ಹಾಗೇ... ಅದರ ಜೊತೇಲೇ ಬಂದಿದ್ದು" ಎಂದ. ಚಕ್ಕೋತದ ತೊಳೆ ನನ್ನ ಬಾಯಲ್ಲಿ ಕಹಿಯಾಯಿತು. ಚಾಕುವನ್ನು ಹಿಂದಕ್ಕೆ ಕೊಟ್ಟೆ. ಹೇಗೆ ಕೊಟ್ಟೆ ಎಂಬುದರ ಬಗ್ಗೆ ಆರಂಭದಲ್ಲೇ ಹೇಳಿದ್ದೇನೆ. ರಂಗಪ್ಪನವರು "ಅಯ್ಯೋ ಮೇಷ್ಟ್ರೇ!" ಎಂದದ್ದು ನಿಜ. ಆದರೆ ಚಾಕು ಕೈಗೆ ಕೊಟ್ಟದ್ದಕ್ಕೆ ಹಾಗೆಂದರೋ, ನಾನು ಬೀಜವನ್ನು ಅವರ ಪಂಚೆಯ ಮೇಲೆ ಉಗುಳಿದ್ದಕ್ಕೋ ಹೇಳಲಾರೆ.

ಅವರ ಬಸ್ಸು ಹೊರಟ ಮೇಲೆ ಮನೆಯಲ್ಲಿ ಸಭೆ ಸೇರಿತು. ಅಮ್ಮನಿಗೆ ಹುಡುಗ ಹಿಡಿಸಿದ್ದ. ಸರೋಜ, "ಆಗಬಹುದು" ಎಂದಳು. ಅವಳ ಬಾಯಿಂದ ಆ ಪದ ಹೊರಬಿದ್ದದ್ದು ಅದೇ ಮೊದಲು. ನಾನು ಗಂಟಲು ಸರಿಮಾಡಿಕೊಂಡು, ಪಾಠ ಹೇಳುವ ಹಾಗೆ, ಹಂತಹಂತವಾಗಿ ವಾದ ಮಂಡಿಸಿದೆ. ಸುರುಳಿ ಇರುವುದು ಬಾಟಲಿ ತೆರೆಯಲು. ಸುರುಳಿ ಸವೆದಿದೆ. ಆದ್ದರಿಂದ ಬಾಟಲಿಗಳು ತೆರೆದುಕೊಂಡಿವೆ. ಕೇಳಿದರೆ ಹುಡುಗ ತಡವರಿಸಿದ, ಮಾವ ಕೆಮ್ಮಿದರು. ಟೆಂಟಿನ ಬಾಳು, ಹೇಳುವವರು ಕೇಳುವವರು ಇಲ್ಲ. ಸರೋಜಳ ಮುಖ ಬಿಳಿಚಿಕೊಂಡಿತು. ಅಮ್ಮ ಮಾತ್ರ ನನ್ನನ್ನೇ ದಿಟ್ಟಿಸಿ ನೋಡುತ್ತ ಕೇಳಿದಳು:

"ಅದು ಬಾಟಲಿ ತೆಗೆಯೋದು ಅಂತ ನಿಂಗೆ ಹೆಂಗೆ ಗೊತ್ತೋ?"

ತರ್ಕದಲ್ಲಿ ನಾನು ಮುಚ್ಚದೆ ಬಿಟ್ಟ ಕಿಂಡಿ ಇದು. ನಿಜವಾಗಿಯೂ ಹೇಗೆ ಗೊತ್ತು? ಮೈಸೂರಿನ ಯಾವುದೋ ಅಂಗಡಿಯ ಗಾಜಿನ ಕಪಾಟಿನಲ್ಲಿ ನೋಡಿದ್ದೆನೇ? ಹಾಸ್ಟೆಲಿನಲ್ಲಿ ಯಾರಾದರೂ ಹೇಳಿದ್ದರೇ? ಯಾವುದಾದರೂ ಇಂಗ್ಲಿಷ್ ಕಾದಂಬರಿಯಲ್ಲಿ ಓದಿದ್ದೇ? ಎಷ್ಟು ಕೆದಕಿದರೂ ಹೊಳೆಯಲಿಲ್ಲ. "ನೆನಪಿಲ್ಲಮ್ಮ" ಎಂದೆ. ಈ ಪ್ರಶ್ನೆಗೆ ಇದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ ಎಂದು ಹೇಳಿದ ಮೇಲೆ ಗೊತ್ತಾಯಿತು. "ಮೈಸೂರಿಗೆ ಕಳಿಸಿದ್ದೇ ತಪ್ಪಾಯ್ತು" ಎಂದು ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಣ್ಣ, ನೀನು ಹೋಗಿ ಅವರನ್ನೇ ಕೇಳು" ಎಂದಳು ಸರೋಜ. "ಕುಡಿಯೋದು ಹೌದಾದ್ರೆ ಬೇಡ. ಅಲ್ಲದಿದ್ರೆ ನಿನ್ನ ಅನುಮಾನಕ್ಕೆ ನಾನು ಅವರನ್ನ ಕಳಕೊಳ್ಳೋಕೆ ತಯಾರಿಲ್ಲ."

ಆ ಭಾನುವಾರ ಹೊಸನಗರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಶುರುಮಾಡಬೇಕೆಂದು ಯೋಚಿಸಿ ಒಂದು ಉಪಾಯ ಹೂಡಿದ್ದೆ: ಯಾವುದೋ ನೆಂಟರನ್ನು ನೋಡಲು ಬಂದವನು ಹಾಗೇ ಇತ್ತ ಬಂದೆ ಎನ್ನುವುದು, ಟೆಂಟಿನೊಳಗೆ ಕೂರುವುದು, ಮಂಚದ ಕೆಳಗೆ ಕಣ್ಣಾಡಿಸುವುದು. ಹೋಗಿ ನೋಡಿದರೆ ಟೆಂಟೇ ಇರಲಿಲ್ಲ. ಅರ್ಧ ಬಿಚ್ಚಿ ನೆಲದ ಮೇಲೆ ಹರಡಿತ್ತು. ಬೀಡು ಮುಂದಿನ ಊರಿಗೆ ಹೊರಟಿತ್ತು. ಹಿಂದಿನ ಸಂಜೆಯ ಮಳೆಗೆ ಹಗ್ಗಗಳು ನೆನೆದು ಉಬ್ಬಿ, ಗೂಟಕ್ಕೆ ಕಟ್ಟಿದ ಗಂಟುಗಳು ಕಲ್ಲಾಗಿ ಕೂತಿದ್ದವು. ಶ್ರೀಧರ ಮಂಡಿಯೂರಿ ಕೂತು, ಅದೇ ಚಾಕುವಿನ ಅದೇ ಸುರುಳಿಯನ್ನು ಗಂಟಿನ ಸಂದಿಗೆ ತಿರುಪಿ, ಮೆಲ್ಲಗೆ ಎಳೆಯುತ್ತಿದ್ದ. ಗಂಟು ಸಡಿಲಗೊಳ್ಳುತ್ತಿತ್ತು. ದೂರದಿಂದ ಹಾಗೆ ಕಂಡಿತು. ಗಂಟು ಮೊದಲೇ ಸಡಿಲವಾಗಿತ್ತೋ ಏನೋ, ಹತ್ತಿರ ಹೋಗುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

"ಇದಕ್ಕಾ ಆ ಸುರುಳಿ?" ಎಂದೆ, ನೆಂಟರ ಉಪಾಯವೆಲ್ಲ ಮರೆತು.

"ಹೌದು ಮೇಷ್ಟ್ರೇ. ಅವತ್ತೇ ಹೇಳೋನಿದ್ದೆ" ಎಂದು ನಾಚಿಕೊಂಡ. "ಮಾವ ಕೆಮ್ಮಿದ್ರಲ್ಲ. ಮದುವೆ ಮಾತಿಗೆ ಹೋದ ಮನೇಲಿ ಗಂಟು ಬಿಚ್ಚೋ ಸುದ್ದಿ ಎತ್ತಿದ್ರೆ ಅಪಶಕುನ ಅಂತ ಅವರಿಗೆ. ಬಸ್ಸಿಳಿಯುವಾಗ್ಲೇ ಹೇಳಿದ್ರು, ಹರಿಯೋದು, ಮುರಿಯೋದು, ಬಿಚ್ಚೋದು, ಈ ಯಾವ ಮಾತೂ ಬಾಯಲ್ಲಿ ಬರಬಾರ್ದು ಅಂತ. ಅಮ್ಮ ಅದನ್ನೇ ಕೇಳ್ಬಿಟ್ರು. ನಂಗೆ ಬೇರೆ ಎಂಥ ಹೇಳೋದು ತೋಚ್ಲೇ ಇಲ್ಲ."

ನನಗೆ ನಗು ಬಂತು. ಮನಸ್ಸು ಹಗುರಾಯಿತು. ಇಲ್ಲಿಗೇ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದ್ದರೆ ಈ ಪ್ರಬಂಧ ಬರೆಯುವ ಅಗತ್ಯ ಬರುತ್ತಿರಲಿಲ್ಲ. ಆದರೆ ಓದಿದವನಿಗೆ ಇನ್ನೊಬ್ಬರ ಅಜ್ಞಾನ ಕಂಡರೆ ಕೈ ಕಟ್ಟಿ ಕೂರಲಾಗುವುದಿಲ್ಲ.

"ಅಂದ್ರೆ ಅದು ನಿಜವಾಗಿ ಏತಕ್ಕೆ ಅಂತ ನಿನಗೆ ಗೊತ್ತೇ ಇಲ್ವಾ?"

"ಗಂಟು ಬಿಚ್ಚೋಕೆ ಅಲ್ವಾ?"

"ಅಲ್ಲ ಮಾರಾಯಾ. ಬಾಟಲಿ ಬಿರಡೆ ತೆಗೆಯೋಕೆ."

"ಯಾವ ಬಾಟಲಿ? ಔಷಧಿದಾ?"

"ವೈನಿಂದು. ಬಿರಡೆಯ ನಡುವೆ ತಿರುಪಿ, ಬಾಟಲಿಯನ್ನು ಮಂಡಿ ಸಂದಿಯಲ್ಲಿ ಹಿಡ್ಕೊಂಡು, ಹೀಗೆ ಎಳೀಬೇಕು" ಎಂದು ಎರಡು ಮಂಡಿಗಳನ್ನೂ ಜೋಡಿಸಿ ಎಳೆದು ತೋರಿಸಿದೆ. ತೋರಿಸುವಾಗ ಬಾಯಲ್ಲಿ 'ಟಪ್' ಎಂದು ಶಬ್ದವನ್ನೂ ಮಾಡಿದೆನೆಂದು ಶ್ರೀಧರ ಆಮೇಲೆ ಸರೋಜಳಿಗೆ ಹೇಳಿದನಂತೆ. ಅದು ನನಗೆ ನೆನಪಿಲ್ಲ.

ಶ್ರೀಧರ ಚಾಕುವನ್ನು ನಿಧಾನವಾಗಿ ಮಡಚಿದ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅಳತೆಯ ಕೆಲಸದವನ ನೋಟ ಅದು. "ನಿಮಗೆ ಇದೆಲ್ಲ ಚೆನ್ನಾಗಿ ಅಭ್ಯಾಸ ಇದೆ ಅಂತ ಕಾಣ್ತದೆ" ಎಂದ.

ಮುಂದಿನ ವಾರ ರಂಗಪ್ಪನವರು ತೀರ್ಥಹಳ್ಳಿಯಿಂದ ಸಾಗರಕ್ಕೆ ಬಂದಿಳಿದರು. ನಮ್ಮ ಮನೆಗಲ್ಲ. ಬಸ್ ಸ್ಟ್ಯಾಂಡಿನಿಂದ ನೇರವಾಗಿ ವೀಳ್ಯದೆಲೆಯ ಅಂಗಡಿಗೆ, ಅಲ್ಲಿಂದ ನಮ್ಮ ಕಾಲೇಜಿನ ಜವಾನನ ಹತ್ತಿರಕ್ಕೆ, ಆಮೇಲೆ ಗಣಿತದ ಮೇಷ್ಟ್ರ ಮನೆಗೆ. ಹೆಣ್ಣಿನ ಅಣ್ಣ ಎಂಥವನು ಎಂದು ವಿಚಾರಿಸುವುದಕ್ಕೆ. ಕುಡುಕನ ಮನೆಯಿಂದ ಹೆಣ್ಣು ತರುವುದಿಲ್ಲವೆಂದು ಅವರ ಅಕ್ಕ, ಅಂದರೆ ಶ್ರೀಧರನ ತಾಯಿ, ಪಟ್ಟು ಹಿಡಿದು ಕೂತಿದ್ದರಂತೆ. ಎಲ್ಲರೂ ನನ್ನ ಬಗ್ಗೆ ಒಳ್ಳೆಯ ಮಾತನ್ನೇ ಹೇಳಿದರು, ಅದರಲ್ಲಿ ಸಂಶಯವಿಲ್ಲ, ಅಥವಾ ತೀರ ಕಡಿಮೆ ಸಂಶಯವಿದೆ. "ಪಾಪ, ಬೆಳಿಗ್ಗೆ ಎಲೆ ತಗೊಂಡ್ನಾ ಇಲ್ವಾ ಅಂತ ಸಂಜೆ ಬಂದು ಕೇಳ್ತಾರೆ. ಅವರಿಗೆ ನೆನಪೇ ಇರೋದಿಲ್ಲ" ಎಂದ ಅಂಗಡಿಯವನು. "ಸಾಯಂಕಾಲ ಆದ್ರೆ ಗಣಪತಿ ಕೆರೆ ಏರಿ ಮೇಲೆ ಒಬ್ರೇ ಮಾತಾಡಿಕೊಂಡು ಹೋಗ್ತಾರೆ. ಕೈ ಎಲ್ಲ ಬೀಸ್ತಾರೆ. ಬಹಳ ಓದಿದಾರೆ ನೋಡಿ" ಎಂದ ಜವಾನ. "ಕಾರಣವಿಲ್ಲದೆ ಜಗಳ ತೆಗೀತಾರೆ, ಆದ್ರೆ ಮನಸ್ಸು ಒಳ್ಳೇದು" ಎಂದರು ಗಣಿತದ ಮೇಷ್ಟ್ರು. ಸಾಕ್ಷಿಗಳು ಮೂರು, ಒಂದಕ್ಕೊಂದು ಹೊಂದುತ್ತವೆ, ಒಂದೂ ಸುಳ್ಳಲ್ಲ. ನಾನೇ ಆ ಜಾಗದಲ್ಲಿದ್ದಿದ್ದರೆ ರಂಗಪ್ಪನವರ ತೀರ್ಮಾನಕ್ಕೇ ಬರುತ್ತಿದ್ದೆ.

ಕೊನೆಗೆ ಅವರು ನಮ್ಮ ಮನೆಯ ಜಗಲಿಗೆ ಬಂದು ಕೂತರು. ಕಾಫಿ ಬೇಡವೆಂದರು. ನಮ್ಮ ಕಡೆ ಕಾಫಿ ಬೇಡವೆಂದರೆ ಸಂಬಂಧ ಬೇಡವೆಂದೇ ಅರ್ಥ. "ಅಮ್ಮಾ, ಹೇಳೋಕೆ ನಂಗೂ ಬೇಜಾರು. ಹುಡುಗಿ ಬಂಗಾರದಂಥವಳು. ಆದ್ರೆ ಮೇಷ್ಟ್ರ ವಿಷಯ..." ಎಂದು ಕೊನೆಯ ಮಾತನ್ನು ನುಂಗಿದರು. ಅಮ್ಮ ನನ್ನತ್ತ ನೋಡಿದಳು. ಆ ನೋಟದಲ್ಲಿ ಅವರ ಮಾತಿಗೆ ಪೂರ್ತಿ ವಿರೋಧವೇನೂ ಕಾಣಲಿಲ್ಲ. ನಾನು, ಕುಡಿಯದಿರುವುದನ್ನು ಪ್ರಮಾಣೀಕರಿಸುವುದು ತರ್ಕದ ದೃಷ್ಟಿಯಿಂದ ಎಷ್ಟು ಕಷ್ಟವೆಂದು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಸರೋಜ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಕುಡಿದವರಿಗೆ ಬಾಗಿಲು ತೆಗೆದು ತೆಗೆದು ನಂಗೆ ಅಭ್ಯಾಸ ಇದೆ, ರಂಗಪ್ಪಯ್ಯ. ನಮ್ಮ ಚಿಕ್ಕಪ್ಪನ ಮನೇಲಿ" ಎಂದಳು. "ಕುಡಿದವರು ಏನು ಹೇಳಿದ್ರೂ ಖಂಡಿತ ಅಂತಲೇ ಹೇಳ್ತಾರೆ. ಖಂಡಿತ ಇವತ್ತೇ ಕೊನೆ, ಖಂಡಿತ ನಾಳೆಯಿಂದ ಇಲ್ಲ. ನಮ್ಮಣ್ಣನ ಹತ್ರ ಎಂಥ ಬೇಕಾದ್ರೂ ಕೇಳಿ ನೋಡಿ. ಒಂದಕ್ಕಾದ್ರೂ ಖಂಡಿತ ಅಂತಾನಾ ನೋಡಿ."

ರಂಗಪ್ಪನವರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಇವತ್ತು ಎಂಥ ವಾರ?" ಎಂದರು.

"ಬುಧವಾರ ಇರಬೇಕು" ಎಂದೆ. "ಆದರೆ ನಿನ್ನೆ ರಜೆ ಇದ್ದದ್ದರಿಂದ ಲೆಕ್ಕ ಒಂದು ದಿನ ಹಿಂದುಮುಂದಾಗಿರಬಹುದು. ಒಮ್ಮೆ ಪಂಚಾಂಗ ನೋಡೋದು ಒಳ್ಳೇದು. ಪಂಚಾಂಗವನ್ನೂ ಅಷ್ಟಾಗಿ ನಂಬೋ ಹಾಗಿಲ್ಲ..."

ರಂಗಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, "ಅಮ್ಮಾ, ಕಾಫಿ ಆಗ್ಲಿ" ಎಂದರು. ಸರೋಜ ಒಳಗೆ ಓಡಿದಳು. ಲೋಟಗಳ ಸದ್ದು ಕೇಳಿತು, ಅದರ ನಡುವೆ ಮೂಗು ಸೀಟುವ ಸದ್ದೂ ಕೇಳಿತು. ಅವಳು ಅತ್ತದ್ದು ಸಂತೋಷಕ್ಕೋ, ಚಿಕ್ಕಪ್ಪನ ಮನೆಯ ಬಾಗಿಲು ನೆನಪಾಗಿಯೋ, ಆ ದಿನ ನಾನು ಕೇಳಲಿಲ್ಲ. ಎಲ್ಲವನ್ನೂ ವಿಚಾರಿಸಲೇಬೇಕೆಂದಿಲ್ಲ ಎಂದು ನನಗೆ ಹೊಳೆದದ್ದು ನನ್ನ ಜನ್ಮದಲ್ಲಿ ಬಹುಶಃ ಅದೊಂದೇ ಸಲ.

ಮದುವೆ ನಮ್ಮ ಮನೆಯ ಮುಂದೆಯೇ, ಅಡಿಕೆ ಸೋಗೆಯ ಚಪ್ಪರದಲ್ಲಿ ನಡೆಯಿತು. ಹಿಂದಿನ ದಿನ ಅಕಾಲದ ಒಂದು ಮಳೆ ಬಿದ್ದು ಚಪ್ಪರದ ಹಗ್ಗಗಳೆಲ್ಲ ಒದ್ದೆಯಾಗಿದ್ದವು. ಬೆಳಿಗ್ಗೆ ಶ್ರೀಧರ ಮದುವೆಯ ಪಂಚೆ ಉಟ್ಟು, ಕಿಸೆಯಿಲ್ಲದ್ದರಿಂದ, "ಭಾವ, ಇದು ನಿಮ್ಮ ಹತ್ರ ಇರ್ಲಿ" ಎಂದು ಚಾಕುವನ್ನು ಹೊಸ್ತಿಲ ಪಕ್ಕದಲ್ಲಿಟ್ಟ. ನಾನು ಎತ್ತಿಕೊಂಡೆ. ಕ್ರಮ ತಪ್ಪದೆ. ಅದನ್ನು ಕಿಸೆಗೆ ಹಾಕಿಕೊಂಡು ಬಂದವರನ್ನು ಮಾತಾಡಿಸುತ್ತ ಓಡಾಡುತ್ತಿದ್ದವನಿಗೆ ತಲೆಯೊಳಗೆ ಒಂದು ಹುಳು ಕೊರೆಯತೊಡಗಿತು. ಹೊಸನಗರದಲ್ಲಿ ನಾನು ಕಂಡದ್ದೇನು? ಒಂದು ಗಂಟು, ಒಂದು ಸುರುಳಿ, ದೂರದಿಂದ. ಗಂಟು ಸುರುಳಿಯಿಂದಲೇ ಬಿಚ್ಚಿಕೊಂಡಿತೆಂಬುದಕ್ಕೆ ಆಧಾರವೇನು? ಇನ್ನು ಸ್ವಲ್ಪ ಹೊತ್ತಿಗೆ ತಂಗಿಯ ಕೊರಳಿಗೆ ತಾಳಿ ಬೀಳುತ್ತದೆ. ಅಷ್ಟರೊಳಗೆ ಒಂದು ಸಲ, ಒಂದೇ ಒಂದು ಸಲ, ಸ್ವತಃ ಪರೀಕ್ಷಿಸಿ ನೋಡಿದರೆ ಮನಸ್ಸಿಗೆ ನೆಮ್ಮದಿ. ಚಪ್ಪರದ ಹಿಂಬದಿಗೆ ಹೋದೆ. ಮೂಲೆಯ ಕಂಬದಲ್ಲಿ ನೆನೆದು ಬಿಗಿದ ಒಳ್ಳೆಯದೊಂದು ಗಂಟಿತ್ತು. ಮೊದಲು ಉಗುರಿನಿಂದ ಪ್ರಯತ್ನಿಸಿದೆ, ಅಲ್ಲಾಡಲಿಲ್ಲ. ಹಲ್ಲಿನಿಂದ ಕಚ್ಚಿದೆ, ಹಲ್ಲು ಅಲ್ಲಾಡಿತು. ಆಮೇಲೆ ಸುರುಳಿ ಬಿಡಿಸಿ, ಸಂದಿಗೆ ತಿರುಪಿ, ಎಳೆದೆ.

ಚಪ್ಪರದ ಆ ಮೂಲೆಯ ಕೆಳಗೆ ರಂಗಪ್ಪನವರು ತಿಂಡಿಗೆ ಕೂತಿದ್ದರು. ಸೋಗೆ, ಮಾವಿನ ತೋರಣ, ಹಿಂದಿನ ದಿನದ ಮಳೆನೀರು, ಎಲ್ಲ ಒಟ್ಟಾಗಿ ಅವರ ತಲೆಯ ಮೇಲೆ ಮೆಲ್ಲಗೆ ಇಳಿದವು. ಸೋಗೆಯೊಳಗಿನಿಂದ ಮೊದಲು ಕೆಮ್ಮು ಕೇಳಿತು. ಆಮೇಲೆ, "ಯಾರ್ರೀ ಅದು, ಮದುವೆ ಮನೇಲಿ ಗಂಟು ಬಿಚ್ಚಿದ್ದು?" ಎಂಬ ಕೂಗು. ಗಾಳಿಗೆ ಆಯಿತು ಎಂದೆನಂತೆ ನಾನು. ಇಲ್ಲ, ಚಾಕು ಹಿಡಿದು ಹಲ್ಲು ಕಿರಿಯುತ್ತ ನಿಂತಿದ್ದೆ ಎಂದು ಅಮ್ಮ ಹೇಳುತ್ತಾಳೆ. ಇದ್ದರೂ ಇರಬಹುದು. ಹೆಣ್ಣು ನೋಡಲು ಬಂದ ದಿನ ಚಾಕುವನ್ನು ಹೇಗೆ ಕೊಟ್ಟೆ, ಸುರುಳಿಯ ಉಪಯೋಗ ನನಗೆ ಎಲ್ಲಿಂದ ತಿಳಿಯಿತು, ಬಾಯಲ್ಲಿ 'ಟಪ್' ಎಂದೆನೋ ಇಲ್ಲವೋ, ಇವುಗಳ ಬಗ್ಗೆ ನಾನು ಏನನ್ನೂ ಹೇಳಲಾರೆ. ಒಂದನ್ನು ಮಾತ್ರ ಸ್ವತಃ ಪರೀಕ್ಷಿಸಿ ತಿಳಿದಿದ್ದೇನೆ: ಎಷ್ಟೇ ನೆನೆದು ಬಿಗಿದ ಹಗ್ಗದ ಗಂಟಾದರೂ ಆ ಸುರುಳಿಗೆ ಬಿಚ್ಚಿಕೊಳ್ಳುತ್ತದೆ.